ಕ್ಯಾರಿಯಿಂದ ಸಾಗರಕ್ಕೆ: ಬುಧವಾರದ ಶಾಲೆ

ಕ್ಯಾರಿ, ನಾರ್ತ್ ಕ್ಯಾರೊಲೈನಾ
26 ಜನವರಿ 2025

ಪ್ರೀತಿಯ ಗೆಳೆಯಾ,

ನೀನು ವಾಟ್ಸಾಪಿನಲ್ಲಿ ಬೈದು ಕಳಿಸಿದ್ದನ್ನು ಕೇಳಿಸಿಕೊಂಡೆ. "ಐದು ತಿಂಗಳಿಂದ ಬರೀ ಫೋಟೋ ಕಳಿಸ್ತಾ ಇದೀಯಲ್ಲ ಮಾರಾಯ, ನಾಲ್ಕು ಸಾಲು ಬರೆಯೋದಕ್ಕೆ ಏನು ಧಾಡಿ" ಅಂದೆಯಲ್ಲ, ಅದು ನಾಟಿತು. ಮೂವತ್ತೆರಡು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವನು ಗೆಳೆಯನಿಗೊಂದು ಪತ್ರ ಬರೆಯದೆ ಕೂತರೆ ಅದು ತಪ್ಪೇ. ನಯಾಗರ, ವಾಷಿಂಗ್ಟನ್ ನೀನು ಫೋಟೋದಲ್ಲಿ ನೋಡಿಯಾಗಿದೆ, ಅವನ್ನು ಬಿಟ್ಟುಬಿಡುತ್ತೇನೆ. ನಾನೂ ನಿನ್ನ ಅತ್ತಿಗೆಯೂ ಇಲ್ಲಿ ಪ್ರತಿ ಬುಧವಾರ ಶಾಲೆಗೆ ಹೋಗುತ್ತಿದ್ದೇವೆ. ಅದರ ವಿಷಯ ಬರೆಯಬೇಕು. ನಿನ್ನಿಂದ ಒಂದು ಕೆಲಸವೂ ಆಗಬೇಕು, ಅದು ಕೊನೆಯಲ್ಲಿ.

ಬಂದ ಮೊದಲ ತಿಂಗಳು ಹೇಗಿತ್ತು ಅನ್ನುವುದನ್ನು ಫೋನಿನಲ್ಲಿ ನಿನಗೆ ಹೇಳಿರಲಿಲ್ಲ. ಮಗಳು, ಅಳಿಯ ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ. ಮೊಮ್ಮಗಳನ್ನು ಹಳದಿ ಬಸ್ಸು ಹತ್ತಿಸಿದರೆ ಮುಗಿಯಿತು, ಆಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ನಿನ್ನ ಅತ್ತಿಗೆ ಎಂಥವಳು ಅಂತ ನಿನಗೆ ಗೊತ್ತಲ್ಲ. ಸಿಗಂದೂರಿಗೆ ಹೋಗುವ ಲಾಂಚಿನಲ್ಲಿ ಹೊಳೆ ದಾಟುವುದರೊಳಗೆ ಪಕ್ಕದಲ್ಲಿ ನಿಂತವರ ಮೂರು ತಲೆಮಾರಿನ ಕಥೆ ಕೇಳಿಕೊಂಡು ಬರುತ್ತಿದ್ದವಳು. ಅಂಥವಳು ಇಲ್ಲಿ ಬಾಗಿಲ ಗಂಟೆ ಬಾರಿಸಿದರೆ ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಎದುರುಮನೆಯ ಅಜ್ಜಿ ಕೈ ಬೀಸಿದರೆ ತಾನೂ ಕೈ ಎತ್ತಿ ಸರಕ್ಕನೆ ಒಳಗೆ ಬರುತ್ತಿದ್ದಳು. ಒಂದು ದಿನ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಾ, "ನನಗೆ ಇಲ್ಲಿ ಬಾಯಿ ಇಲ್ಲ ಅನ್ನಿಸ್ತದೆ" ಅಂದಳು. ಅಳಲಿಲ್ಲ, ಸುಮ್ಮನೆ ಅಂದಳು. ನನಗೆ ಅದು ಅಳುವಿಗಿಂತ ಹೆಚ್ಚಾಯಿತು.

ಬೆಳಗಿನ ವಾಕಿಂಗಿನ ದಾರಿಯಲ್ಲಿ, ಮನೆಯಿಂದ ಒಂದೂವರೆ ಮೈಲಿ ದೂರದಲ್ಲಿ ಒಂದು ಬ್ಯಾಪ್ಟಿಸ್ಟ್ ಚರ್ಚ್ ಇದೆ. ಅದರ ಮುಂದೆ ಹುಲ್ಲಿನ ಮೇಲೆ ನೆಟ್ಟ ಸಣ್ಣ ಫಲಕ: ಇಂಗ್ಲಿಷ್ ತರಗತಿ, ಬುಧವಾರ ಒಂಬತ್ತೂವರೆ, ಉಚಿತ, ಎಲ್ಲರೂ ಬನ್ನಿ. ಮೂರು ದಿನ ಅದನ್ನು ಓದಿ ಓದಿ ಮುಂದೆ ಹೋದೆ. ನಾಲ್ಕನೆಯ ದಿನ ಮಗಳಿಗೆ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಹೋಗಿ ಅಪ್ಪ, ಆದ್ರೆ ಅವರು ದೇವರ ವಿಷಯ ಮಾತಾಡ್ತಾರೆ, ಗೊತ್ತಿರಲಿ" ಅಂದಳು.

ನಿನ್ನ ಮನಸ್ಸಿನಲ್ಲೂ ಈಗ ಅದೇ ಪ್ರಶ್ನೆ ಎದ್ದಿರುತ್ತದೆ. ಮೊದಲು ಅದನ್ನೇ ಹೇಳಿ ಮುಗಿಸುತ್ತೇನೆ. ಹೌದು, ತರಗತಿ ಶುರುವಾಗುವ ಮೊದಲು ಅರ್ಧ ನಿಮಿಷ ಪ್ರಾರ್ಥನೆ ಮಾಡುತ್ತಾರೆ. ಹನ್ನೊಂದೂವರೆಗೆ ಪಾಠ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಬೈಬಲ್ ಓದು ಇರುತ್ತದೆ. ಇಷ್ಟವಿದ್ದವರು ಕೂರಬಹುದು, ಇಲ್ಲದವರು ಹೋಗಬಹುದು ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿದರು. ನಮ್ಮನ್ನೂ ಒಮ್ಮೆ ಕರೆದರು. ನಮ್ಮ ದೇವರು ನಮಗಿದ್ದಾನೆ ಅಂತ ನಾನು ಕೈ ಮುಗಿದು ಹೇಳಿದೆ. ಅಷ್ಟೇ. ಮುಂದಿನ ಬುಧವಾರವೂ ಅದೇ ಕಾಫಿ, ಅದೇ ನಗು. ಅವರ ಪ್ರಾರ್ಥನೆಯ ಅರ್ಧ ನಿಮಿಷದಲ್ಲಿ ನಿನ್ನ ಅತ್ತಿಗೆ ಕಣ್ಣು ಮುಚ್ಚಿ ಚೌಡೇಶ್ವರಿಯನ್ನು ನೆನೆಯುತ್ತಾಳೆ.

ಅವರು ಈ ಕೆಲಸ ಮಾಡುವುದು ಅವರ ನಂಬಿಕೆಯ ಕಾರಣಕ್ಕೇ, ಅದನ್ನು ಅವರು ಮುಚ್ಚಿಡುವುದಿಲ್ಲ. ಇದರಲ್ಲಿ ನನಗೆ ಕಸಿವಿಸಿ ಅನ್ನಿಸಲಿಲ್ಲ. ನೀನೂ ನಾನೂ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಕಿಟೆಲ್ ಕೋಶ ಬಿಚ್ಚಿ ಜಗಳ ತೀರಿಸಿಕೊಂಡಿಲ್ಲ? ಆತ 1853ರಲ್ಲಿ ಕ್ರೈಸ್ತ ಧರ್ಮಪ್ರಚಾರದ ಬಾಸೆಲ್ ಮಿಷನ್ನಿನವನಾಗಿಯೇ ಬಂದದ್ದು. ಬಂದ ಉದ್ದೇಶ ಒಂದು, 1894ರಲ್ಲಿ ನಮ್ಮ ಕೈಗೆ ಬಂದದ್ದು ಆ ನಿಘಂಟು. ಒಬ್ಬರು ಏನನ್ನು ನಂಬಿ ಕೈ ಚಾಚಿದರು ಅನ್ನುವುದು ಅವರ ವಿಷಯ. ಚಾಚಿದ ಕೈ ನನ್ನನ್ನು ಎಳೆಯುತ್ತಿದೆಯೋ ಹಿಡಿದು ನಿಲ್ಲಿಸುತ್ತಿದೆಯೋ ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ. ಎಳೆಯುವ ಜಾಗಗಳೂ ಇರಬಹುದು. ಇದು ಅಂಥದ್ದಲ್ಲ.

ಇನ್ನು ಶಾಲೆಯ ವಿಷಯ. ದೊಡ್ಡ ಹಾಲ್, ಮಡಚುವ ಮೇಜುಗಳು, ಒಂದೊಂದು ಮೇಜಿಗೆ ಐದಾರು ಜನ. ಗೋಡೆಯ ಮೇಲೆ ಪ್ರಪಂಚದ ನಕ್ಷೆ, ಅದರಲ್ಲಿ ನಮ್ಮ ನಮ್ಮ ಊರಿಗೆ ಗುಂಡುಸೂಜಿ. ನಾನು ಚುಚ್ಚಿದ್ದು ಸಾಗರಕ್ಕೆ. ನಕ್ಷೆಯಲ್ಲಿ ಸಾಗರ ಎಲ್ಲಿದೆ? ಗೋವಾದ ಕೆಳಗೆ ಅಂದಾಜಿನಲ್ಲಿ ಚುಚ್ಚಿದೆ. ನಮ್ಮ ಮೇಜಿನಲ್ಲಿ ಉಕ್ರೇನಿನ ಒಬ್ಬ ಅಜ್ಜ, ಕೊರಿಯಾದ ತಾಯಿ, ವೆನೆಜುವೇಲಾದ ಹುಡುಗ, 2021ರಲ್ಲಿ ಕಾಬೂಲಿನಿಂದ ವಿಮಾನ ಹತ್ತಿ ಬಂದ ಒಬ್ಬ ಹೆಣ್ಣುಮಗಳು. ಕಲಿಸುವವರೆಲ್ಲ ಎಪ್ಪತ್ತರ ಆಸುಪಾಸಿನವರು. ಐಬಿಎಂನಲ್ಲಿದ್ದು ನಿವೃತ್ತರಾದವರು ಒಬ್ಬರು, ಹೊಲ ಮಾಡಿಕೊಂಡಿದ್ದವರು ಒಬ್ಬರು. ನಮ್ಮ ಮೇಜಿನ ಟೀಚರಮ್ಮ ನಲವತ್ತು ವರ್ಷ ನರ್ಸಾಗಿದ್ದವರು. ಯಾರಿಗೂ ಸಂಬಳವಿಲ್ಲ.

ಇವರ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಕ್ಕದ ಕೋಣೆ. ಅಲ್ಲಿ ಇಬ್ಬರು ಅಜ್ಜಿಯರು ಎಳೆಮಕ್ಕಳನ್ನು ನೋಡಿಕೊಳ್ಳುತ್ತಾರೆ. ಯೋಚಿಸು, ಕಾಬೂಲಿನ ಆ ಹುಡುಗಿಗೆ ಎರಡು ಸಣ್ಣ ಮಕ್ಕಳು. ಆ ಕೋಣೆ ಇಲ್ಲದಿದ್ದರೆ ಪಾಠ ಎಷ್ಟೇ ಚೆನ್ನಾಗಿದ್ದರೂ ಅವಳಿಗೆ ಏನು ಬಂತು? ನಾವು ವಯಸ್ಕರ ಶಿಕ್ಷಣದ ರಾತ್ರಿ ಶಾಲೆ ಮಾಡಿದಾಗ ಹೆಂಗಸರು ಎರಡೇ ವಾರಕ್ಕೆ ಬರುವುದು ಬಿಟ್ಟರಲ್ಲ, ಆಗ ಅವರಿಗೆ ಆಸಕ್ತಿಯಿಲ್ಲ ಅಂತ ವರದಿಯಲ್ಲಿ ಬರೆದೆವು. ಮಗುವನ್ನು ಯಾರ ಮಡಿಲಲ್ಲಿ ಹಾಕಿ ಬರಬೇಕು ಅಂತ ನಾವು ಕೇಳಲೇ ಇಲ್ಲ. ಆ ವರದಿಗೆ ಸಹಿ ಹಾಕಿದ್ದು ನಾನೇ. ಇಲ್ಲಿ ಕೂತಾಗೆಲ್ಲ ಅದು ನೆನಪಾಗುತ್ತದೆ.

ಉಚ್ಚಾರದ ಒಂದು ಪಾಠ ಹೇಳುತ್ತೇನೆ, ನಿನಗೆ ಖುಷಿಯಾಗುತ್ತದೆ. ನಮ್ಮ 'ವ' ಇದೆಯಲ್ಲ, ಅದು ಇಂಗ್ಲಿಷಿನ ವೀ, ಡಬ್ಲ್ಯೂ ಎಂಬ ಎರಡು ಅಕ್ಷರಗಳ ನಡುವೆ ಕೂತಿದೆ. ಒಂದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇನ್ನೊಂದರಲ್ಲಿ ಹಲ್ಲಿಗೆ ಕೆಲಸವೇ ಇಲ್ಲ, ಎರಡು ತುಟಿಯೂ ಸೀಟಿ ಹೊಡೆಯುವ ಹಾಗೆ ದುಂಡಗಾಗಬೇಕು. ಬಳ್ಳಿಗೂ 'ವೈನ್', ದ್ರಾಕ್ಷಿಯ ಮದ್ಯಕ್ಕೂ 'ವೈನ್'. ನಮ್ಮ ಲಿಪಿಯಲ್ಲಿ ಬರೆದರೆ ಭೇದವೇ ಕಾಣುವುದಿಲ್ಲ. ವರ್ಷಗಟ್ಟಲೆ ಕೇಶಿರಾಜನ ಸೂತ್ರ ಹೇಳಿ ದಂತ್ಯ, ಓಷ್ಠ್ಯ ಅಂತ ಬೋರ್ಡಿನ ಮೇಲೆ ಬರೆದವನಿಗೆ ನನ್ನ ತುಟಿ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಟೀಚರಮ್ಮ ತಮ್ಮ ಚೀಲದಿಂದ ಸಣ್ಣ ಕನ್ನಡಿ ತೆಗೆದು ನಿನ್ನ ಅತ್ತಿಗೆಯ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಹಲ್ಲು ತಾಗಿಸಿ ಒಮ್ಮೆ, ತುಟಿ ದುಂಡಗೆ ಮಾಡಿ ಒಮ್ಮೆ, ಹೀಗೆ ಹತ್ತು ಸಲ ಹೇಳಿದಳು. ಹನ್ನೊಂದನೆಯ ಸಲ ಸರಿಯಾಗಿ ಬಂತು. ಕೊರಿಯಾದ ತಾಯಿ ಚಪ್ಪಾಳೆ ತಟ್ಟಿದಳು. ಅವಳಿಗೂ ಬೇರೆ ಅಕ್ಷರದಲ್ಲಿ ಅದೇ ಕಷ್ಟ. ಆ ಕನ್ನಡಿ ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ, ಇಟ್ಟುಕೋ ಅಂತ ಕೊಟ್ಟುಬಿಟ್ಟರು.

ಆದರೆ ಭಾಷೆಯನ್ನು ಇವರು ಕಲಿಸುವ ನಿಜವಾದ ಹಾದಿ ಹಬ್ಬ. ವ್ಯಾಕರಣ ಕಡಿಮೆ. ಕ್ರಿಯಾಪದದ ಕಾಲಗಳನ್ನು ಇನ್ನಷ್ಟು ಗಟ್ಟಿಯಾಗಿ ಕಲಿಸಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವರ ಕ್ರಮ ಬೇರೆ. ಯಾವ ತಿಂಗಳಲ್ಲಿ ಯಾವ ಹಬ್ಬವೋ ಆ ತಿಂಗಳ ಪದಗಳೆಲ್ಲ ಅದರ ಸುತ್ತ. ಯಾಕೆಂದರೆ ಹೊಸಬನಿಗೆ ಅಂಗಡಿಯಲ್ಲಿ, ಮಗುವಿನ ಶಾಲೆಯಲ್ಲಿ, ಬೀದಿಯಲ್ಲಿ ಆ ತಿಂಗಳು ಕಿವಿಗೆ ಬೀಳುವುದು ಅವೇ ಪದ.

ಅಕ್ಟೋಬರ್ ಕೊನೆಯಲ್ಲಿ ಹ್ಯಾಲೊವೀನ್. ಕ್ರೈಸ್ತರ ಸರ್ವಸಂತರ ದಿನದ ಹಿಂದಿನ ರಾತ್ರಿ ಅದು. ಮಕ್ಕಳು ವೇಷ ಹಾಕಿಕೊಂಡು ಕತ್ತಲಾದ ಮೇಲೆ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಹೊಸಬರಿಗೆ ಯಾರೂ ಹೇಳದ ಒಂದು ನಿಯಮ ಇದೆ: ಬಾಗಿಲ ಮುಂದಿನ ದೀಪ ಉರಿಯುತ್ತಿದ್ದರೆ ಬನ್ನಿ ಅಂತ, ಆರಿಸಿದ್ದರೆ ಬೇಡ ಅಂತ. ಟೀಚರಮ್ಮ ಇದನ್ನು ಮೂರು ಸಲ ಹೇಳಿದರು. ಗೊತ್ತಿಲ್ಲದವರು ದೀಪ ಹಾಕಿಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡ ಮಕ್ಕಳನ್ನು ಕಂಡು ಬಾಗಿಲು ತೆರೆಯದೆ ಕೂತರೆ ಇಬ್ಬರಿಗೂ ಬೇಸರ. ಚರ್ಚಿನವರು ಹಿಂದಿನ ಶನಿವಾರವೇ ತಮ್ಮ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಡಿಕ್ಕಿ ತೆರೆದು, ಅದನ್ನು ಅಲಂಕರಿಸಿ, ಮಕ್ಕಳಿಗೆ ಅಲ್ಲೇ ಮಿಠಾಯಿ ಕೊಟ್ಟರು. ಅದು ನಮ್ಮಂಥ ಹೊಸಬರ ಮಕ್ಕಳಿಗೆ ಒಂದು ತಾಲೀಮು.

30ನೆಯ ತಾರೀಕು, ಬುಧವಾರ. ಟೀಚರಮ್ಮ ಮೇಜಿನ ಸುತ್ತ ಕೇಳುತ್ತಾ ಬಂದರು: ನಿಮ್ಮ ದೇಶದಲ್ಲಿ ರಾತ್ರಿ ಮನೆಮನೆಗೆ ಹೋಗುವ ಹಬ್ಬ ಇದೆಯೇ? ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ದನಿ ಬಂತು. "ಯೆಸ್. ಮೈ ಫಾದರ್." ನಿನ್ನ ಅತ್ತಿಗೆ ಮಾರಾಯ! ಅಲ್ಲಿಯವರೆಗೆ ತರಗತಿಯಲ್ಲಿ ಕೇಳಿದ್ದಕ್ಕೆ ಹೆಸರು, ಊರು ಬಿಟ್ಟು ಬೇರೇನೂ ಹೇಳಿದವಳಲ್ಲ. ಅವಳ ಅಪ್ಪ ಅಂಟಿಗೆ ಪಂಟಿಗೆ ತಂಡ ಕಟ್ಟಿದವರು, ನೀನೂ ಅವರ ಹಾಡು ಕೇಳಿದ್ದೀಯ. ದೀಪಾವಳಿಯ ರಾತ್ರಿ ಕಂಬಳಿ ಹೊದ್ದು, ಕೈಯಲ್ಲಿ ದೀಪ ಹಿಡಿದು, ಗದ್ದೆ ಬದುವಿನ ಮೇಲೆ ಹಾಡುತ್ತಾ ಊರಿಂದ ಊರಿಗೆ. ಅದನ್ನು ಅವಳು ಹೇಳಿದಳು. ಪದ ಸಾಲದ ಕಡೆ ಕೈ ಹೇಳಿತು. "ಮೆನ್ ಕಮ್. ನೈಟ್. ಸಾಂಗ್. ವಿ ಗಿವ್ ರೈಸ್. ವಿ ಗಿವ್ ಆಯಿಲ್." ಎಣ್ಣೆ ಯಾಕೆ ಅಂತ ಉಕ್ರೇನಿನ ಅಜ್ಜ ಕೇಳಿದರು. ಅವಳು ಎರಡೂ ಅಂಗೈಗಳನ್ನು ಜೋಡಿಸಿ ದೀಪದ ಹಾಗೆ ಹಿಡಿದು, "ಲೈಟ್ ಮಸ್ಟ್ ನಾಟ್ ಸ್ಟಾಪ್. ಎವ್ರಿ ಹೌಸ್ ಗಿವ್ ಲಿಟಲ್" ಅಂದಳು.

ಟೀಚರಮ್ಮ ಎದ್ದುಹೋಗಿ ಅವಳ ಮಾತನ್ನು ಬೋರ್ಡಿನ ಮೇಲೆ ಬರೆದರು. ತಪ್ಪನ್ನು ಆಮೇಲೆ ತಿದ್ದಿದರು. ಮೊದಲು ಅವಳು ಹೇಳಿದ ಹಾಗೆಯೇ ಬರೆದರು. ಗೆಳೆಯಾ, ನಾನು ಇಷ್ಟು ವರ್ಷ ಕೆಂಪು ಮಸಿಯ ಪೆನ್ನನ್ನು ಮೊದಲು ತೆಗೆದವನು. ಮಗು ಏನು ಹೇಳಿತು ಅನ್ನುವುದಕ್ಕೆ ಮುಂಚೆ ಕಾಗುಣಿತ ನೋಡಿದವನು.

ಮರುದಿನವೇ ಹ್ಯಾಲೊವೀನ್, ಮರುದಿನವೇ ನಮ್ಮ ನರಕ ಚತುರ್ದಶಿ. ಈ ಸಲ ಎರಡೂ ಅಕ್ಟೋಬರ್ 31ಕ್ಕೇ ಬಿದ್ದವು. ಬೆಳಿಗ್ಗೆ ನಾವು ಎಣ್ಣೆಸ್ನಾನ ಮಾಡಿದೆವು. ಸಂಜೆ ನಿನ್ನ ಅತ್ತಿಗೆ ಬಾಗಿಲ ಮುಂದೆ ವಿದ್ಯುತ್ ದೀಪ ಹಾಕಿ, ಮೆಟ್ಟಿಲ ಮೇಲೆ ಎರಡೂ ಕಡೆ ಹಣತೆ ಸಾಲು ಇಟ್ಟಳು. ಆರೂವರೆಗೆ ಮಕ್ಕಳು ಬರಲು ಶುರು. ದೆವ್ವದ ವೇಷದ ಒಬ್ಬ ಪುಟ್ಟ ಹಣತೆಯ ಮುಂದೆ ಕೂತುಬಿಟ್ಟು, ಇದು ನಿಜವಾದ ಬೆಂಕಿಯಾ ಅಂತ ಕೇಳಿದ. ಅವನಿಗೆ ಉತ್ತರ ಹೇಳಿದ್ದು ಪರದೆಯ ಹಿಂದೆ ನಿಲ್ಲುತ್ತಿದ್ದ ಅದೇ ಹೆಂಗಸು. ಎಂಟೂವರೆಯವರೆಗೆ ಬಾಗಿಲಲ್ಲೇ ಕೂತಿದ್ದಳು, ಒಳಗೆ ಬರಲಿಲ್ಲ.

ಇದರ ಮೊದಲು ಒಂದು ದೊಡ್ಡ ಪ್ರವಾಹ ಆಗಿತ್ತು, ಟಿವಿಯಲ್ಲಿ ನೋಡಿರುತ್ತೀಯ. ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತ ಈ ರಾಜ್ಯದ ಪಶ್ಚಿಮದ ಬೆಟ್ಟಸೀಮೆಯನ್ನು ಕೊಚ್ಚಿಹಾಕಿತು. ಆಶ್‌ವಿಲ್ ಎಂಬ ಊರಿನ ಸುತ್ತಮುತ್ತ ರಸ್ತೆ, ಮನೆ, ಗುಡ್ಡ ಎಲ್ಲ ಜಾರಿಹೋದವು. ಈ ಒಂದು ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದದ್ದನ್ನು ನೋಡಿ ವಿಮಾನ ಹತ್ತಿದ ನಮಗೆ ಆ ಚಿತ್ರಗಳು ಹೊಸದಾಗಿರಲಿಲ್ಲ. ಅಕ್ಟೋಬರ್ 2ರ ಬುಧವಾರ ಹೋದರೆ ಹಾಲಿನ ತುಂಬ ನೀರಿನ ಬಾಟಲಿ, ಕಂಬಳಿ, ಡಬ್ಬಿ ಆಹಾರ. ಆ ದಿನ ಪಾಠವಿಲ್ಲ, ಎಲ್ಲರೂ ಪೆಟ್ಟಿಗೆ ತುಂಬಿದೆವು. ಕಾಬೂಲಿನ ಹುಡುಗಿ ತನ್ನ ಮಕ್ಕಳ ಡೈಪರ್ ಕಟ್ಟೊಂದನ್ನು ತಂದಿದ್ದಳು. ತನಗೆ ಯಾರೋ ಕೊಟ್ಟಿದ್ದನ್ನು ಹಾಗೇ ಇಟ್ಟುಕೊಂಡಿದ್ದಳಂತೆ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಅಂದರೆ ಕೃತಜ್ಞತೆ ಹೇಳುವ ಹಬ್ಬ, ಇವರಿಗೆ ನಮ್ಮ ದೀಪಾವಳಿಯಷ್ಟು ದೊಡ್ಡದು. ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ಇದನ್ನು ಇಡೀ ದೇಶದ ಹಬ್ಬ ಅಂತ ಸಾರಿದ. 1941ರ ಕಾನೂನಿನಿಂದ ನವೆಂಬರಿನ ನಾಲ್ಕನೇ ಗುರುವಾರ ಅಂತ ಗಟ್ಟಿಯಾಯಿತು. ಮೊದಲ ವಾರ ನಮಗೆ ಕೊಟ್ಟ ಹಾಳೆಯಲ್ಲಿ ಬಣ್ಣದ ಚಿತ್ರ: ಕಪ್ಪು ಟೋಪಿಯ ವಲಸಿಗರು, ಗರಿ ಕಟ್ಟಿಕೊಂಡ ಮೂಲನಿವಾಸಿಗಳು, ನಡುವೆ ಟರ್ಕಿಕೋಳಿ, ಎಲ್ಲರೂ ನಗುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ಗರಿಯ ಜನ ಈಗ ಎಲ್ಲಿದ್ದಾರೆ ಅಂತ ಕೇಳಿದೆ. ಟೀಚರಮ್ಮ ತಕ್ಷಣ ಏನೂ ಹೇಳಲಿಲ್ಲ. ಮುಂದಿನ ಬುಧವಾರ ಆ ಹಾಳೆಯನ್ನು ತರಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದು ಒಬ್ಬ ಮನುಷ್ಯನ ಕಥೆ ಹೇಳಿದರು.

ಟಿಸ್ಕ್ವಾಂಟಮ್ ಅಂತ ಅವನ ಹೆಸರು. ಪಟುಕ್ಸೆಟ್ ಎಂಬ ಕಡಲತೀರದ ಹಳ್ಳಿಯವನು. 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನವನು ಅವನನ್ನೂ ಇನ್ನೂ ಕೆಲವರನ್ನೂ ಮೋಸದಿಂದ ಹಿಡಿದು ಸ್ಪೇನಿಗೆ ಒಯ್ದು ಗುಲಾಮರಾಗಿ ಮಾರಲು ಹೋದ. ಹೇಗೋ ಬದುಕಿ ಲಂಡನ್ ಸೇರಿದ, ಅಲ್ಲಿ ಇಂಗ್ಲಿಷ್ ಕಲಿತ. 1619ರಲ್ಲಿ ಊರಿಗೆ ಮರಳಿದರೆ ಊರೇ ಇಲ್ಲ. ಹೊರಗಿನಿಂದ ಬಂದ ಕಾಯಿಲೆಗೆ ಹಳ್ಳಿಗೆ ಹಳ್ಳಿಯೇ ಸತ್ತುಹೋಗಿತ್ತು. ಮರುವರ್ಷ ಮೇಫ್ಲವರ್ ಹಡಗಿನಲ್ಲಿ 102 ಜನ ಬಂದು ಅದೇ ಖಾಲಿ ಹಳ್ಳಿಯ ಜಾಗದಲ್ಲಿ ಪ್ಲಿಮತ್ ಕಟ್ಟಿದರು. ಮೊದಲ ಚಳಿಗಾಲಕ್ಕೇ ಅವರಲ್ಲಿ ಸುಮಾರು ಅರ್ಧ ಜನ ತೀರಿಕೊಂಡರು. 1621ರ ವಸಂತದಲ್ಲಿ ಆತ ಅವರ ನಡುವೆ ಬಂದು, ಅವರ ಭಾಷೆಯಲ್ಲೇ ಮಾತಾಡಿ, ಮೆಕ್ಕೆಜೋಳದ ಬೀಜದ ಜೊತೆ ಮೀನು ಹೂತು ಬಿತ್ತುವುದನ್ನು ಕಲಿಸಿದ. ಆ ವರ್ಷದ ಸುಗ್ಗಿಯ ಊಟ ಮೂರು ದಿನ ನಡೆಯಿತು, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರೇ ತೊಂಬತ್ತು ಮಂದಿ ಬಂದಿದ್ದರು. ಅದನ್ನೇ ಇವರು ಮೊದಲ ಥ್ಯಾಂಕ್ಸ್‌ಗಿವಿಂಗ್ ಅನ್ನುವುದು. ಆಮೇಲೆ ಆ ಜನರಿಗೆ ಆದದ್ದು ಯುದ್ಧ, ನೆಲ ಕಳೆದುಕೊಂಡದ್ದು. 1970ರಿಂದ ಪ್ಲಿಮತ್ತಿನಲ್ಲಿ ಮೂಲನಿವಾಸಿಗಳು ಇದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಾರೆ. ಇದನ್ನೂ ಟೀಚರಮ್ಮ ಹೇಳಿದರು.

ನಾನು ಆ ದಿನ ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅವನನ್ನೇ ನೆನೆದೆ. ಈ ದೇಶದಲ್ಲಿ ಹೊಸಬರಿಗೆ ಪಾಠ ಹೇಳಿದ ಮೊದಲಿಗರಲ್ಲಿ ಅವನೊಬ್ಬ. ಇಂಗ್ಲಿಷ್ ಕಲಿತದ್ದು ಸಂಕೋಲೆಯಿಂದ, ಕಲಿಸಿದ್ದು ತನ್ನವರ ಮಸಣದ ಮೇಲೆ ನಿಂತು. ಅವನ ಋಣ ಇಲ್ಲಿ ಯಾರೂ ತೀರಿಸಿಲ್ಲ. ಆದರೂ ಒಬ್ಬ ಮುದುಕಿ ಬಣ್ಣದ ಹಾಳೆಯನ್ನು ಎತ್ತಿಟ್ಟು, ಪ್ರಪಂಚದ ಮೂಲೆಮೂಲೆಯಿಂದ ಬಂದ ಹೊಸಬರಿಗೆ ಅವನ ಹೆಸರನ್ನು ಸರಿಯಾಗಿ ಹೇಳಲು ಕಲಿಸಿದಳಲ್ಲ, ಅದನ್ನು ನಾನು ಸಣ್ಣದು ಅನ್ನಲಾರೆ.

ನವೆಂಬರ್ 20ರ ಬುಧವಾರ ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ಊಟ, ಪಾಟ್‌ಲಕ್ ಅನ್ನುತ್ತಾರೆ. ಅಮೆರಿಕದಲ್ಲಿ ಸಿಹಿಗೆಣಸು ಅತಿ ಹೆಚ್ಚು ಬೆಳೆಯುವುದು ಈ ರಾಜ್ಯದಲ್ಲೇ. ಇವರು ಅದನ್ನು ಬೇಯಿಸಿ ಕಿವುಚಿ, ಮೇಲೆ ಮಾರ್ಷ್‌ಮೆಲ್ಲೊ ಎಂಬ ಬಿಳಿ ಮಿಠಾಯಿ ಹರಡಿ ಒಲೆಯಲ್ಲಿ ಕೆಂಪಗೆ ಮಾಡುತ್ತಾರೆ. ಆ ಮಿಠಾಯಿಯಲ್ಲಿ ಪ್ರಾಣಿಯ ಮೂಳೆ ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ನಾವು ಕೇಳಿರಲಿಲ್ಲ, ನಮಗೆ ಗೊತ್ತೂ ಇರಲಿಲ್ಲ. ಟೀಚರಮ್ಮ ತಾವೇ ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದಿ, ನಮಗೆ ಅಂತ ಬರೀ ಪೆಕಾನ್ ಬೀಜ ಉದುರಿಸಿದ ಇನ್ನೊಂದು ತಟ್ಟೆ ಮಾಡಿ, ಮೇಲೆ ನಮ್ಮಿಬ್ಬರ ಹೆಸರಿನ ಚೀಟಿ ಅಂಟಿಸಿದ್ದರು. ನಿನ್ನ ಅತ್ತಿಗೆಯೂ ಅದೇ ಗೆಣಸಿನಲ್ಲಿ ಹೋಳಿಗೆ ಮಾಡಿ ಒಯ್ದಿದ್ದಳು. ನಲವತ್ತು ಹೋಳಿಗೆ ಹತ್ತು ನಿಮಿಷದಲ್ಲಿ ಖಾಲಿ.

ಊಟಕ್ಕೆ ಮೊದಲು ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರು ಅಂತ ಹೇಳಬೇಕು. ನಮ್ಮಲ್ಲಿ ಧನ್ಯವಾದ ಅನ್ನುವುದು ಸಭೆಯ ಕೊನೆಯ ವಂದನಾರ್ಪಣೆಗೆ ಬಿಟ್ಟರೆ ಮನೆಯೊಳಗೆ ಬರುವ ಮಾತಲ್ಲ. ನಾನು ಏನೋ ಸಿದ್ಧಮಾಡಿಕೊಂಡು ಹೋಗಿದ್ದನ್ನು ಒಪ್ಪಿಸಿದೆ. ಅವಳು ಟೀಚರಮ್ಮನ ಕೈ ಹಿಡಿದು ಕನ್ನಡದಲ್ಲೇ "ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂದಳು. ಅನುವಾದ ನಾನು ಮಾಡಬೇಕಾಯಿತು. ಹೊಟ್ಟೆ ಯಾಕೆ ತಣ್ಣಗಿರಬೇಕು ಅಂತ ವಿವರಿಸುವಾಗ, ಮಕ್ಕಳಿಗೇನೂ ಆಗದಿರಲಿ ಅಂತ ತಾಯಿಗೆ ಹೇಳುವ ಮಾತಿದು ಅಂದೆ. ಟೀಚರಮ್ಮನಿಗೆ ತೀರಿಹೋದ ಒಬ್ಬ ಮಗನಿದ್ದ ಅಂತ ನಮಗೆ ಆಗ ತಿಳಿಯದು. ಆಕೆ ಬಹಳ ಹೊತ್ತು ಇವಳ ಕೈ ಬಿಡಲಿಲ್ಲ.

ಕ್ರಿಸ್ಮಸ್ಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ನಿನಗೆ ಗೊತ್ತಿರುವುದೇ. ಒಂದು ರಿವಾಜು ಮಾತ್ರ: ಉಡುಗೊರೆಯನ್ನು ಕೊಟ್ಟವರ ಮುಂದೆಯೇ ಬಿಚ್ಚಿ ನೋಡಿ ಸಂತೋಷ ಹೇಳಬೇಕು. ನಾವು ಪೊಟ್ಟಣವನ್ನು ಒಳಗೆ ತೆಗೆದಿಟ್ಟು ಅವರು ಹೋದ ಮೇಲೆ ಬಿಚ್ಚುವವರು. ಅದು ಇಲ್ಲಿ ಇಷ್ಟವಾಗಲಿಲ್ಲ ಅಂತ ಅರ್ಥವಂತೆ!

ಈ ತಿಂಗಳ 15ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಪಾಠ. ಅವತ್ತೇ ಅವರು ಹುಟ್ಟಿದ ದಿನ. ಬೇರೊಂದು ಚರ್ಚಿನಿಂದ ಬಂದ ಕಪ್ಪು ಜನಾಂಗದ ಹಿರಿಯರೊಬ್ಬರು ಮಾತಾಡಿದರು. 1960ರ ಫೆಬ್ರವರಿ 1ರಂದು ಇದೇ ರಾಜ್ಯದ ಗ್ರೀನ್ಸ್‌ಬರೋದಲ್ಲಿ ನಾಲ್ವರು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾದ ಊಟದ ಕಟ್ಟೆಯಲ್ಲಿ ಕೂತು ಏಳಲಿಲ್ಲ. ಆಗ ಈ ಹಿರಿಯರು ಒಂಬತ್ತು ವರ್ಷದ ಹುಡುಗ. ಆ ಕಾಲದಲ್ಲಿ ನಾನು ಈ ಕಟ್ಟಡದ ಬಾಗಿಲಲ್ಲಿ ಬರುವಂತಿರಲಿಲ್ಲ ಅಂತ ಅವರು ನಿಧಾನವಾಗಿ ಹೇಳಿದಾಗ ನಮ್ಮ ಟೀಚರಮ್ಮ ತಲೆ ಎತ್ತಿ ಅವರನ್ನೇ ನೋಡುತ್ತಿದ್ದರು, ಕಣ್ಣು ತಪ್ಪಿಸಲಿಲ್ಲ. ಕಿಂಗ್ 1959ರಲ್ಲಿ ಗಾಂಧಿಯ ನೆಲ ನೋಡಬೇಕು ಅಂತ ನಮ್ಮ ದೇಶಕ್ಕೆ ಬಂದಿದ್ದರು ಅಂತ ನಾನು ಹೇಳಿದೆ. ಆ ಹಿರಿಯರು ಎದ್ದು ಬಂದು ಕೈ ಕುಲುಕಿದರು.

ಹೋದ ಬುಧವಾರ ತರಗತಿ ಮಂಕಾಗಿತ್ತು. ಹೊಸ ಸರ್ಕಾರ ಸೋಮವಾರ ಅಧಿಕಾರಕ್ಕೆ ಬಂದ ದಿನವೇ ನಿರಾಶ್ರಿತರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸುವ ಆದೇಶ ಹೊರಟಿತು. ಕಾಬೂಲಿನ ಹುಡುಗಿಯ ಅಕ್ಕ ಇಲ್ಲಿಗೆ ಬರಲು ಕಾಯುತ್ತಿದ್ದಳು. ಈ ಹುಡುಗಿ ಬಂದು ಕೂತಳು, ಪುಸ್ತಕ ತೆಗೆಯಲಿಲ್ಲ. ಟೀಚರಮ್ಮ ಪಾಠ ಮಾಡದೆ ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮಧ್ಯೆ ಚಹಾ ತಂದುಕೊಟ್ಟರು. ಅವಳು ಎಷ್ಟೋ ಹೊತ್ತಿನ ಮೇಲೆ, ಪ್ರೇಮಿಗಳ ದಿನಕ್ಕೆ ಶಾಲೆಯ ಮಕ್ಕಳೆಲ್ಲರಿಗೂ ಕಾರ್ಡ್ ಕೊಡಬೇಕಂತೆ, ಮಗನಿಗೆ ಅದನ್ನು ಮಾಡುವುದು ಹೇಗೆ ಅಂತ ಕೇಳಿದಳು. ಇಬ್ಬರೂ ಕೆಂಪು ಕಾಗದ ಕತ್ತರಿಸಲು ಶುರುಮಾಡಿದರು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ನಿಮ್ಮ ಮನೆಯವರು ಲಾರಿಯಲ್ಲಿ ಪಾತ್ರೆಪಗಡ ಹೇರಿಕೊಂಡು ಬಂದಿಳಿದ ಕಥೆ ನೀನು ನನಗೆ ಎಷ್ಟು ಸಲ ಹೇಳಿಲ್ಲ? ಹೊಸ ಊರು, ಹೊಸ ನೆಲ, ಒದ್ದೆ ಸೌದೆ. ಸಂಜೆ ಯಾರೋ ಒಬ್ಬ ಹೆಂಗಸು ಗೆರಟೆಯಲ್ಲಿ ಕೆಂಡ ತಂದು ನಿನ್ನ ಅಮ್ಮನ ಒಲೆಗೆ ಹಾಕಿ ಹೋದಳು, ಅವಳ ಹೆಸರು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು ಅಂತ. ನಮ್ಮ ಪೇಟೆಯಲ್ಲಿ ಈಗ ಹೋಟೆಲಿನ ಒಲೆ ಮುಂದೆ, ಕಟ್ಟಡದ ಸಾರುವೆಯ ಮೇಲೆ ಎಷ್ಟು ಜನ ಬಿಹಾರದವರು, ಅಸ್ಸಾಮಿನವರು ಇದ್ದಾರೆ ನೋಡು. ಅವರ ಮಕ್ಕಳು ನಾವು ಪಾಠ ಮಾಡಿದ ಶಾಲೆಯ ಹಿಂದಿನ ಬೆಂಚಿನಲ್ಲಿ ಬಾಯಿಲ್ಲದೆ ಕೂತಿರುತ್ತಾರೆ. 'ಅವರಿಗೆ ಕನ್ನಡ ಬರೋದಿಲ್ಲ' ಅಂತ ನಾವು ಕಟ್ಟೆಯ ಮೇಲೆ ಕೂತು ದೂರುತ್ತೇವೆ. ಅವರಲ್ಲಿ ಒಬ್ಬರನ್ನಾದರೂ ನೀನಾಗಲಿ ನಾನಾಗಲಿ ಕೂರಿಸಿಕೊಂಡು ಕಲಿಸಿದ್ದೇವಾ?

ಯುವಕ ಸಂಘದ ಹಿಂದಿನ ಕೋಣೆಯ ಬೀಗದ ಕೈ ನಿನ್ನ ಹತ್ತಿರ ಇದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಎರಡು ಗಂಟೆ ಸಾಕು. ದುಡ್ಡು ಬೇಡ, ಯಾರ ಅನುಮತಿಯೂ ಬೇಡ, ಭಾಷಣವಂತೂ ಬೇಡವೇ ಬೇಡ. ಮೇಜು, ಚಹಾ, ಮಕ್ಕಳನ್ನು ನೋಡಿಕೊಳ್ಳಲು ಇನ್ನೊಂದು ಕೋಣೆ. ಅದಕ್ಕೆ ನಿನ್ನ ಅತ್ತಿಗೆ ಈಗಲೇ ಹೆಸರು ಕೊಟ್ಟಿದ್ದಾಳೆ, ನಿಮ್ಮ ಮನೆಯವರನ್ನೂ ಕೇಳಬೇಕಂತೆ. ನಮ್ಮ ವಿಮಾನ ಫೆಬ್ರವರಿ 10ಕ್ಕೆ. ಬಂದು ಹದಿನೈದು ದಿನ ಸುಧಾರಿಸಿಕೊಂಡು ಮಾರ್ಚ್ 2ರ ಭಾನುವಾರ ಶುರುಮಾಡೋಣ. ಮೊದಲ ಹಬ್ಬ ಯುಗಾದಿ, ಈ ವರ್ಷ ಮಾರ್ಚ್ 30, ಅದೂ ಭಾನುವಾರವೇ. ಬೇವು, ಬೆಲ್ಲ, ಕಹಿ, ಸಿಹಿ, ಕೊಡು, ತಗೋ, ಹೊಸ ವರ್ಷ: ಮೊದಲ ತಿಂಗಳಿಗೆ ಇಷ್ಟು ಪದ ಧಾರಾಳ ಆಯಿತು. ಅವರ ಊರಿನಲ್ಲಿ ವರ್ಷ ಯಾವಾಗ ಶುರುವಾಗುತ್ತದೆ ಅಂತ ಮೊದಲು ನಾವು ಕೇಳಬೇಕು. ಅಸ್ಸಾಮಿನವರಿಗೆ ಏಪ್ರಿಲ್ ಮಧ್ಯದಲ್ಲಿ ಬಿಹು ಬರುತ್ತದೆ, ಅವತ್ತು ಅವರು ಹೇಳಲಿ, ನಾವು ಕಲಿಯೋಣ.

ಆ ಕೋಣೆಯ ಕಿಟಕಿಯ ಕಡೆಯ ಬೆಂಚಿನ ಕಾಲು ಅಲ್ಲಾಡುತ್ತಿತ್ತು, ಅದಕ್ಕೊಂದು ಮೊಳೆ ಹೊಡೆಸಿಡು. ಗೋಡೆಗೆ ಒಂದು ಭಾರತ ನಕ್ಷೆ ಬೇಕು, ದೊಡ್ಡದು. ಗುಂಡುಸೂಜಿ ಇಲ್ಲಿಂದ ನಾನು ತರುತ್ತೇನೆ, ಬಣ್ಣದ ತಲೆಯವು ಸಿಗುತ್ತವೆ.

ನಿನ್ನ
ಗೆಳೆಯ